ಹುಣಸೆಹುಳಿ ಕಂಡ ಐದರ ನಾಣ್ಯ

ಬೆಳ್ತಂಗಡಿಯ ಬಸ್ ನಿಲ್ದಾಣದ ಹತ್ತಿರ ಶಶಿಪ್ರಭಾ ಶೆಟ್ಟಿಯವರ ಸಣ್ಣ ಹೋಟೆಲ್ ಇದೆ. ಬನ್ಸ್ ಬೇಗ ಬರುತ್ತದೆ, ಚಿಲ್ಲರೆ ಮಾತ್ರ ತಡ. ನಾವು ಕೊಟ್ಟ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡದೆ ಶಶಿಯಕ್ಕ ಗಲ್ಲಾಪೆಟ್ಟಿಗೆಗೆ ಹಾಕುವವರಲ್ಲ. ನಾಣ್ಯ ತಯಾರಾಗುವ ಟಂಕಸಾಲೆಯಲ್ಲೇ ಅಚ್ಚು ತಪ್ಪಿದ್ದನ್ನು ಹುಡುಕಿ ಕೂಡಿಡುವ ಹುಚ್ಚು ಅವರದು. ಅವರಿಂದಾಗಿ ನನಗೆ ತಪ್ಪಿದ ಬಸ್ಸುಗಳಿಗೆ ಲೆಕ್ಕವಿಲ್ಲ.

ಚಪ್ಪಟೆಯಾದ ನಾಣ್ಯ ತಂದು ಹಿಗ್ಗುವವರಿಗೆ ಅವರು ಮುಲಾಜಿಲ್ಲದೆ ಹೇಳುತ್ತಾರೆ: "ಇದು ಟಂಕಸಾಲೆಯ ತಪ್ಪಲ್ಲ, ಲಾರಿ ಚಕ್ರದ್ದು. ಹುಟ್ಟುವಾಗಲೇ ಆದ ತಪ್ಪಿಗೆ ಮಾತ್ರ ಬೆಲೆ ಉಂಟು."

ಅಂಥದ್ದೊಂದು ಅವರಲ್ಲಿತ್ತು. ಹಳದಿ ಬಣ್ಣದ ಐದು ರೂಪಾಯಿ ನಾಣ್ಯ. ಅಚ್ಚು ಪಕ್ಕಕ್ಕೆ ಸರಿದು ಬಿದ್ದು ಒಂದು ಬದಿ ಬೋಳಾಗಿತ್ತು. ಮೂಡುಬಿದಿರೆಯಲ್ಲಿ ನಾಣ್ಯ ಪ್ರದರ್ಶನ ಏರ್ಪಡಿಸಿದ್ದ ಸಂಗ್ರಹಕಾರ ಅಶ್ರಫ್, ಮೊದಲ ಸಲ ಅವರಿಗೂ ಒಂದು ಮೇಜು ಕೊಟ್ಟರು. ಬನ್ಸ್ ಮಾಡುವವಳಿಗೆ ನಾಣ್ಯದ ವಿಷಯ ಏನು ಗೊತ್ತು ಎಂದು ನಕ್ಕವರಿಗೆ ಶಶಿಯಕ್ಕ ಉತ್ತರ ಕೊಡಬೇಕಿತ್ತು. ಆ ಐದರ ನಾಣ್ಯವನ್ನೇ ನಂಬಿದ್ದರು.

ಪ್ರದರ್ಶನಕ್ಕೆ ಮೊದಲು ದೀಪಾವಳಿ ಬಂತು. ಹೋಟೆಲಿನ ಲಕ್ಷ್ಮೀಪೂಜೆಗೆ ಆ ನಾಣ್ಯವನ್ನೂ ಇಡುವ ಮನಸ್ಸಾಯಿತು. ಪೂಜೆಗಿಡುವ ಹಿತ್ತಾಳೆಯನ್ನು ಹುಣಸೆಹುಳಿ ಹಾಕಿ ತಿಕ್ಕುವುದು ಕೈಗೆ ಹತ್ತಿದ ಅಭ್ಯಾಸ. ದೀಪಗಳ ಜೊತೆ ನಾಣ್ಯವನ್ನೂ ತೆಂಗಿನ ನಾರಿನಲ್ಲಿ ತಿಕ್ಕಿಬಿಟ್ಟರು. ಫಳಫಳ ಹೊಳೆಯಿತು. ಭೂತಗನ್ನಡಿ ಹಿಡಿದರೆ ಮೈತುಂಬ ಗೀರು.

ತಿಕ್ಕಿದ ನಾಣ್ಯವನ್ನು ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ. ಊರಿಗೆಲ್ಲ ಅದನ್ನು ಹೇಳಿದವರೇ ಶಶಿಯಕ್ಕ. ಮರುದಿನ ನನ್ನ ನಾಣ್ಯವನ್ನು ನೋಡದೆಯೇ ಚಿಲ್ಲರೆ ಕೊಟ್ಟರು. ಬಸ್ಸು ಸಿಕ್ಕಿತು, ನನಗೆ ಸಂಕಟವಾಯಿತು.

"ಗಾಜಿನೊಳಗೆ ಇಡುವ, ಅಕ್ಕ. ಯಾರಿಗೂ ಗೊತ್ತಾಗುವುದಿಲ್ಲ" ಎಂದರು ಅಶ್ರಫ್.

"ನನಗೆ ಗೊತ್ತುಂಟಲ್ಲ ಮಾರಾಯ್ರೆ."

ಪ್ರದರ್ಶನದ ದಿನ ನಾಣ್ಯದ ಪಕ್ಕದಲ್ಲಿ ಅವರದೇ ಅಕ್ಷರದ ಚೀಟಿಯಿತ್ತು: 'ಅಚ್ಚು ಸರಿದದ್ದು ಟಂಕಸಾಲೆಯ ತಪ್ಪು. ಗೀರು ಬಿದ್ದದ್ದು ನನ್ನ ತಪ್ಪು. ಹುಣಸೆಹುಳಿ ಹಾಕಿ ತಿಕ್ಕಿದೆ.'

ಓದಿದವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ನಾರಾವಿಯಿಂದ ಬಂದಿದ್ದ ತುಂಗಾ ಎಂಬ ಅಜ್ಜಿ, ಸೆರಗಿನ ಗಂಟು ಬಿಚ್ಚಿ ಒಂದು ಕಪ್ಪಾದ ತಾಮ್ರದ ನಾಣ್ಯ ಮುಂದಿಟ್ಟರು.

"ಮನೆಗೆ ಹೋಗಿ ಇದನ್ನು ತಿಕ್ಕಬೇಕೆಂದಿದ್ದೆ. ಒಮ್ಮೆ ನೋಡ್ತೀರಾ?"

ಶಶಿಯಕ್ಕ ಭೂತಗನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು.

"ಅಚ್ಚು ಬಿರುಕುಬಿಟ್ಟು ಮೂಡಿದ ಗೆರೆ ಉಂಟು ಅಮ್ಮ, ಹುಟ್ಟುವಾಗಲೇ ಆದದ್ದು. ದಯವಿಟ್ಟು ತಿಕ್ಕಬೇಡಿ."

ನಕ್ಕವರೇ ಒಬ್ಬೊಬ್ಬರಾಗಿ ತಮ್ಮ ನಾಣ್ಯ ತೋರಿಸಲು ಪರ್ಸು ತೆರೆದರು. ಸಂಜೆಯವರೆಗೆ ಆ ಮೇಜಿನ ಮುಂದೆ ಸಾಲು ಕರಗಲಿಲ್ಲ. ಬೆಳ್ತಂಗಡಿಯ ಬಸ್ಸು ನನಗೆ ಮತ್ತೆ ತಪ್ಪಿತು. ನಾನೂ ಸಾಲಿನಲ್ಲಿ ನಿಂತಿದ್ದೆ.