ಕಾಕಾರ ಕೆರೆಗೆ ಉಡಿ

ಈ ಕಾಲದಲ್ಲಿ ಒಬ್ಬ ವ್ಯಾಪಾರಿ ಸ್ವಂತ ದುಡ್ಡಿನಲ್ಲಿ ಕೆರೆ ಮಾಡಿಸಿದ್ದಾರೆ ಅಂದರೆ ನೀವು ನಂಬುತ್ತೀರಾ? ನಾನಂತೂ ನಂಬಲಿಲ್ಲ.

ಆದರೆ ನಮ್ಮ ಹಳೇ ಹುಬ್ಬಳ್ಳಿಯ ಓಣಿಯ ಕಾಕಾ (ಸ್ವಂತ ಕಾಕಾ ಅಲ್ಲ, ಹತ್ತಿ ವ್ಯಾಪಾರದವರು, ಇಡೀ ಓಣಿಗೇ ಕಾಕಾ) ಹಾಗೆ ಹೇಳಿಕೊಂಡು ತಿರುಗುತ್ತಿದ್ದರು. "ಕುಮಟಾ ಕಡೆ ಕೆರಿ ಮಾಡೇನ್ರಿ ಬಾಯಾರ."

ಎಲ್ಲರೂ ಪುಣ್ಯವಂತರು ಅಂದರು. ನನಗೆ ಮಾತ್ರ ಡೌಟು. ಕುಮಟಾದಲ್ಲಿ ಬೇಡವೆಂದರೂ ಮಳೆ ಸುರಿಯುತ್ತದೆ. ಅಲ್ಲಿ ಕೆರೆ ಕೇಳಿದವರು ಯಾರು? ನಲ್ಲಿ ನೀರಿಗೆ ವಾರಗಟ್ಟಲೆ ಕಾಯುವವರು ನಾವು. ಪುಣ್ಯವನ್ನು ಇಲ್ಲೇ ಕಟ್ಟಿಕೊಳ್ಳಬಹುದಿತ್ತಲ್ಲ?

ಕಾಕಾರ ಹೆಂಡತಿ ಕಾಕುಗೆ ಇಂಥ ಅನುಮಾನವೆಲ್ಲ ಇಲ್ಲ. ಹೊಸ ಕೆರೆ ತುಂಬಿದ ಮೇಲೆ ಗಂಗವ್ವನಿಗೆ ಉಡಿ ತುಂಬಬೇಕು, ಅಷ್ಟೇ. ದುರ್ಗದಬೈಲು ಪೇಟೆಯಲ್ಲಿ ಆರಿಸಿ ತಂದ ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಬಳೆ, ಎಲೆ-ಅಡಿಕೆ ಎಲ್ಲ ಕಟ್ಟಿಕೊಂಡರು. "ನೀವೂ ಬರ್ರಿ, ಕಾರಿನ್ಯಾಗ ಜಾಗಾ ಐತಿ" ಎಂದು ನನ್ನನ್ನೂ ಕರೆದರು.

"ಅಲ್ಲಿ ಬಿಸಲ ಭಾಳ, ಸುಮ್ಮನ ಯಾಕ?" ಅಂದರು ಕಾಕಾ. ಬೇಡ ಅಂದ ಮೇಲೆ ನಾನು ಬಿಡುತ್ತೇನೆಯೇ?

ಹೋಗಿ ನೋಡಿದರೆ ಕೆರೆಗೆ ತಂತಿ ಬೇಲಿ. ಗೇಟು. ಗೇಟಿಗೊಬ್ಬ ವಾಚ್‌ಮನ್. ಕೊಡ ಅದ್ದಲಾಗದ, ಎಮ್ಮೆ ಇಳಿಸಲಾಗದ ಕೆರೆ ಯಾವ ಸೀಮೆಯದು? ಒಳಗೆ ಚೌಕ ಚೌಕವಾಗಿ ನೀರು, ಅದನ್ನು ಬಡಿಯುತ್ತಿರುವ ಮೋಟಾರಿನ ಚಕ್ರಗಳು. ಕಾಕು ಉಡಿ ಹಿಡಿದು ದಂಡೆಗೆ ಬಂದಿದ್ದೇ ತಡ, ವಾಚ್‌ಮನ್ ಓಡಿ ಬಂದ.

"ಅಮ್ಮಾ, ನೀರಿಗೆ ಏನೂ ಹಾಕಬೇಡಿ! ಸಿಗಡಿಗೆ ಆಗೂದಿಲ್ಲ."

"ಯಾವ ಸಿಗಡಿ?" ಅಂದರು ಕಾಕು.

ಕಾಕಾ ಮೊಬೈಲ್ ನೋಡತೊಡಗಿದರು. ಆಮ್ಲೆಟ್ ಗಾಡಿ ಕಂಡರೆ ಮೂಗು ಮುಚ್ಚಿಕೊಂಡು ರಸ್ತೆ ದಾಟುವ ಮನುಷ್ಯ! ಇಲ್ಲಿ ಸಿಗಡಿ ಸಾಕುವ ಹೊಂಡಕ್ಕೂ ಕೆರೆ ಅನ್ನುತ್ತಾರೆ. ಆ ಒಂದು ಶಬ್ದದ ಮರೆಯಲ್ಲಿ ಅವರು ಓಣಿಯಲ್ಲೆಲ್ಲ ಪುಣ್ಯವಂತರಾಗಿ ಓಡಾಡಿದ್ದರು. (ಸಿಗಡಿ ತಿನ್ನುವವರ ಮೇಲೆ ನನ್ನ ತಕರಾರಿಲ್ಲ. ತಕರಾರು ಈ ಮರೆಯ ಮೇಲೆ.)

ಬೇಲಿಯಾಚೆ ಒಬ್ಬಾಕೆ ಕೊಡ ಹೊತ್ತು ನಿಂತಿದ್ದಳು. ಹೆಸರು ದೇವಿ. ಊರಲ್ಲಿ ಬಾವಿ ಇಲ್ಲವೇ ಎಂದು ಕೇಳಿದೆ.

"ಬಾವಿ ಅದೆ ಅಮ್ಮಾ. ಸಿಗಡಿ ಕೆರೆಗೆ ಉಪ್ಪು ನೀರು ತುಂಬಿಸ್ತಾರಲ್ಲ, ಆಮೇಲೆ ಬಾವಿ ನೀರೂ ಉಪ್ಪಾಯ್ತು."

ನಮ್ಮ ಕಡೆ ಕೆರೆ ತುಂಬಿದರೆ ಬಾವಿಗೆ ಸೆಲೆ ಏಳುತ್ತದೆ. ಇಲ್ಲಿ ಕೆರೆ ತುಂಬಿದರೆ ಬಾವಿ ಸಾಯುತ್ತದೆ!

"ಮೊದ್ಲು ಇದೆಲ್ಲ ಗದ್ದೆ" ಅಂದಳು ದೇವಿ. "ಮಳೆಗಾಲಕ್ಕೆ ಭತ್ತ, ಆಮೇಲೆ ಅದೇ ಗದ್ದೆ ನೀರಲ್ಲಿ ಊರವರಿಗೆಲ್ಲ ಮೀನು. ಈಗ ನಮ್ಮದೊಂದು ತುಂಡು ಉಳಿದದೆ. ಅದ್ನೂ ಕೊಡಿ ಹೇಳಿ ಕೇಳ್ತಾರೆ ನಿಮ್ಮ ಒಡೇರು. ಕೊಡೂದಿಲ್ಲ ಅಂದೆ. ಸುತ್ತಲಿಂದ ಉಪ್ಪು ನೀರು ಜಿನುಗ್ತದೆ. ಎಷ್ಟು ದಿವಸ ಹಿಡ್ಕೊಂಡು ಕೂತ್ಕೊಳ್ಳೂದು?"

"ಛಲೋ ರೇಟ್ ಕೊಡ್ತೇನಂದೇನಲ್ಲ!" ಎಂದು ಕಾಕಾ ರೇಗಿದರು. "ಮ್ಯಾಲ ಆಕಿ ಗಂಡಗ ಇಲ್ಲೇ ಕೆಲಸಾನೂ ಕೊಡ್ತೇನಿ."

ಯಾವ ಕೆಲಸ? ನಾನು ವಾಚ್‌ಮನ್ ಮುಖ ನೋಡಿದೆ. ಅವನೂ ಇದೇ ಊರಿನವನಂತೆ. ಈ ಬೇಲಿಯೊಳಗೇ ಅವನ ಗದ್ದೆ ಇತ್ತಂತೆ.

ಕಾಕು ಉಡಿ ಹಿಡಿದೇ ತಿರುಗಿದರು. ಗೇಟು ತೆಗೆಸಿ ಹೊರಗೆ ಹೋದರು. "ಸೆರಗ ಒಡ್ಡವಾ" ಅಂದರು. ದೇವಿ ಕೊಡ ಇಳಿಸಿ ಸೆರಗು ಒಡ್ಡಿದಳು. ಗಂಗವ್ವನಿಗೆಂದು ತಂದ ಉಡಿ ದೇವಿಯ ಸೆರಗು ಸೇರಿತು.

ವಾಪಸ್ ಬರುವಾಗ ಕಾರು ಯಲ್ಲಾಪುರ ದಾಟಿತು. ಆಮೇಲೆ ಕಾಕಾ ಸಮಾಧಾನದಿಂದ ಸೀಟಿಗೆ ಒರಗಿದರು. "ಉಡಿ ತುಂಬಿದ್ದು ಛಲೋನ ಆತ ಬಿಡು. ಇನ್ನ ಆಕಿ ಗದ್ದಿ ಕೊಡಾಕ ಒಪ್ಪತಾಳ."

ಕಾಕು ಕಿಟಕಿಯಿಂದ ಮುಖ ತಿರುಗಿಸಿದರು.

"ಉಡಿ ತುಂಬಿಸಿಕೊಂಡಾಕಿ ಮನಿ ಮಗಳಾದ್ಲು. ಮಗಳ ಗದ್ದಿಗೆ ಉಪ್ಪ ನೀರ ಬಿಡ್ತೀರೇನ್ರಿ?"