ಕಣ್ಣು ಬರೆದ ಕುದುರೆ

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಶುರು ಮಾಡಿದರೆ, ‘ಸಾಕು ಬಿಡಿ, ಕಾಫಿ ಆರಿಹೋಗುತ್ತೆ, ಕುಡೀರಿ’ ಎಂದು ಬಾಯಿ ಮುಚ್ಚಿಸುವ ಜಾತಿ ನನ್ನದು. ಈಗಲೂ ಹೆಚ್ಚೇನೂ ಬದಲಾಗಿಲ್ಲ. ಆದರೆ ಒಂದು ಭಾನುವಾರದ ಮಧ್ಯಾಹ್ನ ಮಾತ್ರ ನನ್ನ ತಲೆಯಲ್ಲಿ ಇನ್ನೂ ಬಗೆಹರಿಯದೆ ಉಳಿದಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಮತ್ತು ಅಮ್ಮ ಕೊಯಮತ್ತೂರು ಪಕ್ಕದ ತುಡಿಯಲೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾವು ನೇಯ್ಗೆಯವರು, ತಲೆಮಾರುಗಳಿಂದ ಈ ಸೀಮೆಯವರೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರವನ್ನು ನಾನು ಕಲಿತದ್ದೇ ತಲೆಗೂದಲು ನೆರೆತ ಮೇಲೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆಗ ನಾನು ಒಂದು ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟ್. ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ, ಅದು ಬೇರೆ ರಾಮಾಯಣ.

ನನಗೆ ಕುದುರೆ ಹುಚ್ಚು. ಸವಾರಿಯದ್ದಲ್ಲ, ಪಿಂಗಾಣಿ ಕುದುರೆಗಳದ್ದು. ಸಂಬಳ ಬಂದ ವಾರ ಬಸ್ಸು ಹತ್ತಿ ಆರ್.ಎಸ್. ಪುರಂಗೆ ಹೋಗಿ ಫ್ಯಾನ್ಸಿ ಸ್ಟೋರುಗಳನ್ನೆಲ್ಲ ಜಾಲಾಡುತ್ತಿದ್ದೆ. ಗಾಜಿನ ಕಪಾಟಿನ ಕೆಳಸಾಲಿನಲ್ಲಿ ಜಿಂಕೆ, ಮೊಲ, ಬಾತುಕೋಳಿ. ಮೇಲಿನ ಸಾಲುಗಳೆಲ್ಲ ಕುದುರೆಗಳದ್ದೇ. ಪ್ಲಾಸ್ಟಿಕ್ಕಿಗೆ ಒಳಗೆ ಪ್ರವೇಶವಿಲ್ಲ. ‘ಕುದುರೆ ಇಷ್ಟಿವೆಯಲ್ಲ, ರಾಜಕುಮಾರ ಎಲ್ಲಿ?’ ಎಂದು ಆಫೀಸಿನವರು ಕೀಟಲೆ ಮಾಡುತ್ತಿದ್ದರು. ಕುದುರೆ ಹುಲ್ಲು ಕೇಳುವುದಿಲ್ಲ, ರಾಜಕುಮಾರ ಮೂರು ಹೊತ್ತು ಕೇಳುತ್ತಾನೆ ಎನ್ನುತ್ತಿದ್ದೆ.

ನಿಜ ಹೇಳಬೇಕೆಂದರೆ ಆ ಹುಚ್ಚು ನನ್ನೊಬ್ಬಳದಲ್ಲ. ನನಗೂ ನನ್ನ ತಮ್ಮ ರಾಮುವಿಗೂ ಸೇರಿದ್ದು. ನಾವು ಚಿಕ್ಕವರಿದ್ದಾಗ ಅಪ್ಪ ಸೀರೆ ಕೊಟ್ಟು ಬರಲು ಕೊಯಮತ್ತೂರಿಗೆ ಹೋದವರು ಒಂದು ಕೆಂಪು ಪಿಂಗಾಣಿ ಕುದುರೆ ತಂದರು. ಅಲ್ಲಿಂದ ಶುರು. ಅಪ್ಪ ತೀರಿಕೊಂಡ ಮೇಲೆ, ಸೂರತ್ತಿನಲ್ಲಿ ಮಗ್ಗದ ಕೆಲಸ ಇದೆಯಂತೆ ಎಂದು ರಾಮು ಯಾರ ಜೊತೆಗೋ ರೈಲು ಹತ್ತಿದ. ಒಂದು ಕಾರ್ಡು ಬಂತು, ಆಮೇಲೆ ಇಲ್ಲ. ಹುಡುಕಿಸಿದ್ದಾಯಿತು, ಜೋಯಿಸರನ್ನು ಕೇಳಿದ್ದಾಯಿತು. ರಾಮು ಬಂದರೆ ಮಣ್ಣಿನ ಕುದುರೆ ಒಪ್ಪಿಸುತ್ತೇನೆ ಎಂದು ಅಮ್ಮ ಅವಿನಾಶಿ ಕಡೆಯ ನಮ್ಮ ಮುನಿಯಪ್ಪನಿಗೆ ಹರಕೆ ಹೊತ್ತಿದ್ದಳು. ನಾನು ಕುದುರೆ ಕೊಳ್ಳುತ್ತಲೇ ಹೋದೆ. ಅವನು ಬಂದಾಗ ಒಂದೊಂದನ್ನೇ ತೆಗೆದು ತೋರಿಸಬೇಕು ಎನ್ನುವುದೊಂದೇ ನನ್ನ ಆಸೆ.

ಒಮ್ಮೆ ಅವಿನಾಶಿಗೆ ಮದುವೆಗೆ ಹೋದವಳು ದಾರಿಬದಿಯ ಕುಂಬಾರರ ಮನೆ ಮುಂದೆ ಮೊಳದುದ್ದದ ಮಣ್ಣಿನ ಕುದುರೆ ನೋಡಿದೆ. ಯಾರೋ ಮಾಡಲು ಹೇಳಿ ಒಯ್ಯದೆ ಬಿಟ್ಟದ್ದಂತೆ. ಕಿವಿ, ಜೂಲು, ಕೊರಳ ಗಂಟೆ ಎಲ್ಲ ಇದ್ದವು, ಕಣ್ಣಿರಲಿಲ್ಲ. ಮನೆಗೆ ತಂದು ಉಳಿದವುಗಳ ಪಕ್ಕ ಇಟ್ಟರೆ ಪಾಪ, ಕುರುಡು ಕುದುರೆ. ನನಗೋ ಯಾವುದೂ ಅರೆಬರೆ ಇರಬಾರದು. ಕಪ್ಪು ಬಣ್ಣ, ಸಣ್ಣ ಬ್ರಷ್ಷು ತಂದು ಎರಡು ಕಣ್ಣು ಬರೆದೆ. ಚೆನ್ನಾಗಿಯೇ ಬಂದವು.

ಅಮ್ಮ ನೋಡಿದವಳೇ ಎದೆ ಹಿಡಿದುಕೊಂಡಳು.

“ಅಯ್ಯಯ್ಯೋ ಅಮ್ಮಣಿ, ಕಣ್ಣ್ ತೆರ್ದ್‌ಬುಟ್ಟಿಯಾ?”

ಹರಕೆಯ ಕುದುರೆಗೆ ಕಣ್ಣು ಬರೆಯುವುದು ಕಟ್ಟಕಡೆಗೆ, ಅದೂ ಗುಡಿಯಲ್ಲಿ, ಪೂಜೆ ಮಾಡಿ. ಅಲ್ಲಿಯವರೆಗೆ ಅದು ಬರೀ ಮಣ್ಣು. ಕಣ್ಣು ಬಂದ ಮೇಲೆ ದೇವರದ್ದು, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಗಾಜಿನ ಕಪಾಟು ಇಟ್ಟುಕೊಂಡವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ! ಸರಿ, ನಾಳೆಯೇ ಗುಡಿಗೆ ಕೊಟ್ಟು ಬರೋಣ ಎಂದೆ. ಅಮ್ಮ ಒಪ್ಪಲಿಲ್ಲ. ಅಮ್ಮಣಿ, ಕಣ್ಣು ಎಂದೆಲ್ಲ ಅವಳು ನನ್ನನ್ನು ಕರೆಯುವುದು ತಮಿಳಿನ ಮುದ್ದಿನಲ್ಲಿ.

“ಇರ್ಲಿ ಕಣ್ಣು. ಕಣ್ಣ್ ಬಂತಲ್ಲ, ಇನ್ ದಾರಿ ಗೊತ್ತಾಗುತ್ತೆ ಅದುಕ್ಕೆ. ನಮ್ ರಾಮೂನ ಕೂಟಿಕೊಂಡ್ ಬರ್ಲಿ, ಆಮೇಲ್ ಕೊಡಾಣ.”

ನನಗೆ ರೇಗಿತು. ಇಷ್ಟು ವರ್ಷ ಕಾದು ಕಾದು ಹೆಂಗಸು ಅರ್ಧ ಆಗಿದ್ದಾಳೆ, ಈಗ ಮಣ್ಣಿನ ಕುದುರೆಯೊಂದು ಹೊಸ ಆಸೆ ಹುಟ್ಟಿಸಬೇಕೇ? ಅಮ್ಮ ಮಾತ್ರ ಅಂದಿನಿಂದ ಕುದುರೆಯನ್ನು ಕಪಾಟಿನಿಂದ ಕೆಳಗಿಳಿಸಿ ಮುಂದಿನ ಕೋಣೆಯಲ್ಲಿಟ್ಟು, ಕೆಲಸವೆಲ್ಲ ಮುಗಿಸಿ ಅದರ ಪಕ್ಕ ಕೂರತೊಡಗಿದಳು.

ಆ ಭಾನುವಾರ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮುಂದಿನ ಕೋಣೆಯಿಂದ ಅಮ್ಮನ ಮಾತು ಕೇಳುತ್ತಿತ್ತು. ಒಂದಿಷ್ಟು ಮಾತಾಡುವುದು, ಬಿಡುವುದು, ಮತ್ತೆ ಮಾತಾಡುವುದು. ಪಕ್ಕದ ಮನೆಯವರು ಬಂದಿರಬೇಕು ಎಂದುಕೊಂಡೆ. ನಡುವೆ ನಕ್ಕಳು. ಅಮ್ಮ ನಕ್ಕಿದ್ದು ಕೇಳಿ ಎಷ್ಟು ಕಾಲವಾಗಿತ್ತೋ, ನನಗೂ ಹಿತವಾಯಿತು. ಮಾತಾಡಿಕೊಳ್ಳಲಿ ಪಾಪ ಎಂದು ಉಳಿದ ಬಟ್ಟೆಯನ್ನೂ ಮುಗಿಸಿ, ಹರವಿಯೇ ಒಳಗೆ ಬಂದೆ. ಇನ್ನೊಂದು ದನಿ ಕೇಳಿಸಿತೇ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಲ್ಲಿ ಬಿಟ್ಟಿದ್ದೆ. ಹೇಳಲಾರೆ.

ಅಮ್ಮ ಒಬ್ಬಳೇ ಇದ್ದಳು. ಎದುರಿಗೆ ಮಜ್ಜಿಗೆ ಕುಡಿದ ಲೋಟ.

“ರಾಮು ಬಂದಿದ್ದ. ಈಗ್ ತಾನೇ ಹೋದ” ಎಂದಳು, ದಿನವೂ ಬಂದುಹೋಗುವವನ ಸುದ್ದಿ ಹೇಳಿದ ಹಾಗೆ.

ಒದ್ದೆ ಕೈಯಲ್ಲೇ ಬೀದಿಗೆ ಓಡಿದೆ. ಬಿಸಿಲು, ಒಂದು ನರಪಿಳ್ಳೆಯಿಲ್ಲ. ಎದುರು ಮನೆಯವರು ಜಗುಲಿಯಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ನಿಮ್ಮ ಮನೆಗೆ ಯಾರೂ ಬರಲಿಲ್ಲವಲ್ಲ ಎಂದರು. ತಿರುಗಿ ಬಂದು ಅಮ್ಮನ ಮುಂದೆ ಕುಕ್ಕರಿಸಿದೆ. ಕನಸು ಬಿತ್ತಾ ಅಮ್ಮ ಎಂದು ಮೆಲ್ಲಗೆ ಕೇಳಿದೆ. ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ನಿನ್ ಕುದ್ರೆ ಎಲ್ಲಾ ನೋಡ್ದ. ಕೆಂಪು ಕುದ್ರೆ ಹಿಂಗಾಲು ಇನ್ನೂ ನಿಂತಿದ್ಯೇ ಅಂತ ಕೇಳ್ದ. ಅದೇನು ಅಮ್ಮಣಿ?”

ನಾನು ಕಪಾಟಿನ ಕಡೆ ತಿರುಗಿ ನೋಡಿದೆ. ಅಪ್ಪ ತಂದ ವಾರವೇ ನಾವಿಬ್ಬರೂ ಎಳೆದಾಡಿ ಆ ಕುದುರೆಯ ಹಿಂಗಾಲು ಮುರಿದಿದ್ದೆವು. ಅಪ್ಪನಿಗೆ ಹೆದರಿ, ಯಾರಿಗೂ ಕಾಣದಂತೆ ಅರಗು ಕರಗಿಸಿ ಅಂಟಿಸಿದ್ದೆವು. ಮುರಿದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದು ಇವತ್ತಿನವರೆಗೂ ಹಾಗೇ ಇದೆ. ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಅಥವಾ ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದಳೋ? ತಾಯಂದಿರನ್ನು ನಂಬುವ ಹಾಗಿಲ್ಲ, ಅದೂ ಆಗಿರಬಹುದು.

ಅಂದು ರಾತ್ರಿ ಅಮ್ಮ ಅನ್ನಕ್ಕೆ ಅಕ್ಕಿ ಹಾಕುವಾಗ ರಾಮುವಿನ ಪಾಲಿನ ಹಿಡಿ ಹಾಕಲಿಲ್ಲ. ಅವನು ಹೋದಂದಿನಿಂದ ಒಂದು ದಿನವೂ ತಪ್ಪಿಸದೆ ಹಾಕಿದವಳು. ಮುಂದಿನ ವಾರ ಇಬ್ಬರೂ ಅವಿನಾಶಿಗೆ ಹೋಗಿ, ಮುನಿಯಪ್ಪನ ಗುಡಿಯಲ್ಲಿ ಕುದುರೆ ಒಪ್ಪಿಸಿದೆವು. ಹರಕೆ ತೀರಿದ ನೆಮ್ಮದಿ ಅಮ್ಮನ ಮುಖದಲ್ಲಿ ಕಾಣುತ್ತಿತ್ತು. ನನಗೆ ಮಾತ್ರ ಬಸ್ಸಿನಲ್ಲಿ ಬರುವಾಗ ತಡೆಯಲಾಗಲಿಲ್ಲ.

“ಬಂದಿದ್ದೇ ನಿಜ ಆದ್ರೆ ನನ್ನ ಯಾಕಮ್ಮ ಕೂಗ್ಲಿಲ್ಲ? ಹಿತ್ತಲಲ್ಲೇ ಇದ್ನಲ್ಲ?”

ಅಮ್ಮ ಕಿಟಕಿಯಾಚೆ ನೋಡುತ್ತಾ ಹೇಳಿದಳು: “ಕೂಗ್ತೀನಿ ಅಂತ ಎದ್ದೆ ಕಣ್ಣು. ಬೇಡಮ್ಮ ಅಂದ. ಅಕ್ಕ ಅತ್‌ಬುಟ್ರೆ ನಂಗೆ ಹೋಗಕ್ ಆಗಲ್ಲ ಅಂದ.”

ಅಮ್ಮ ಆಮೇಲೆ ಅವನಿಗಾಗಿ ಕಾಯಲಿಲ್ಲ. ಈಗ ಅವಳೂ ಇಲ್ಲ. ಅವನು ಬಂದಿದ್ದನೋ ಇಲ್ಲವೋ, ಬಂದವನು ಯಾವ ಲೋಕದಿಂದ ಬಂದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಭಾನುವಾರ ಬಟ್ಟೆ ಒಗೆಯುವಾಗ ಮಾತ್ರ ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಒಂದು ಮಾತು ಹೇಳುವುದಿದೆ ಅವನಿಗೆ. ನಾನು ಅಳುತ್ತಿರಲಿಲ್ಲ ಕಣೋ, ರಾಮು.