ಸಾಹೇಬರ ನಂಬರು ಇನ್ನೂರ ಹತ್ತೊಂಬತ್ತು

“ಕುರಿ ಎಣಿಸೋರ ಮಗಳು ಟೆಲಿಫೋನ್ ನಂಬರ್ ಹಚ್ಚತಾಳಂತ! ಆಗೂದಲ್ಲ, ಹೋಗವಾ,” ಎಂದವರು ನಾನು ಓದುತ್ತಿದ್ದ ಎಂಜಿನಿಯರಿಂಗ್ ಕಾಲೇಜಿನ ನಮ್ಮ ವಿಭಾಗದ ಮುಖ್ಯಸ್ಥರು. ಹಾಗೆನ್ನುವಾಗಲೂ ಕಿರುಬೆರಳಿನ ಉದ್ದ ಉಗುರಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಆ ಉಗುರನ್ನು ನಾನು ಮರೆತಿಲ್ಲ. ಆ ಮಾತನ್ನು ಕ್ಷಮಿಸಿಯೂ ಇಲ್ಲ.

ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಮೇಜಿನ ಫೋನಿನ ಡಯಲ್ಲಿಗೆ ಪುಟ್ಟ ಬೀಗ; ಅದರ ಕೀಲಿ ಅವರ ಗಡಿಯಾರದ ಪಟ್ಟಿಯಲ್ಲಿ. ಯಾರು ಏನೇ ಕೇಳಲಿ, ಮೊದಲ ಉತ್ತರ “ಆಗೂದಲ್ಲ.” ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಮುಚ್ಚಿಡುವುದಿಲ್ಲ.

ಎಂಬತ್ತರ ದಶಕದ ಕೊನೆ. ನಮ್ಮ ಸಂಸ್ಥೆಗೆ ಮೂರು ಜಾಗ: ನೆಹರು ನಗರದಲ್ಲಿ ಕಾಲೇಜು, ದೇಸೂರಿನಲ್ಲಿ ವರ್ಕ್‌ಶಾಪು, ಖಾನಾಪುರದಲ್ಲಿ ಹೈಸ್ಕೂಲು. ಮೂರೂ ಕಡೆ ಒಂದೊಂದು ಸಣ್ಣ ಎಕ್ಸ್‌ಚೇಂಜ್ ಕೂಡಿಸಿ, ಬಾಡಿಗೆ ತಂತಿಯಿಂದ ಜೋಡಿಸಬೇಕಿತ್ತು. ಯಾವ ಫೋನಿಗೆ ಯಾವ ನಂಬರು ಎಂಬ ಪಟ್ಟಿ ಸಾಹೇಬರದು. ಅವರು ಹುದ್ದೆಯ ಪ್ರಕಾರ ಹಂಚಿದರು: ಅಧ್ಯಕ್ಷರಿಗೆ ನೂರ ಒಂದು, ಪ್ರಾಂಶುಪಾಲರಿಗೆ ನೂರ ಎರಡು, ತಮಗೆ ನೂರ ಮೂರು. ಖಾನಾಪುರದ ಹೆಡ್‌ಮಾಸ್ತರರಿಗೆ ನೂರ ಹದಿನಾಲ್ಕು, ಅವರ ಬೆನ್ನಿಗೇ ನೆಹರು ನಗರದ ಗುಮಾಸ್ತ. ಜಾಗದ ಲೆಕ್ಕವೇ ಇಲ್ಲ.

ನನಗೆ ಅಪ್ಪನ ಹಿಂಡು ನೆನಪಾಯಿತು. ಮೂರು ಮನೆಯ ಕುರಿ ಕೂಡಿ ಮೇಯುತ್ತಿದ್ದವು. ನಮ್ಮವಕ್ಕೆ ಬೆನ್ನ ಮೇಲೆ ಕೆಮ್ಮಣ್ಣಿನ ಗುರುತು, ಉಳಿದ ಮನೆಗಳವಕ್ಕೆ ಬೇರೆ ಬಣ್ಣ. ಸಂಜೆ ಅಪ್ಪ ಕುರಿಯ ಮುಖ ನೋಡುತ್ತಿರಲಿಲ್ಲ. ಬಣ್ಣ ನೋಡಿ ಅದರದರ ಹಟ್ಟಿಗೆ ಅಟ್ಟುತ್ತಿದ್ದ. ಎಕ್ಸ್‌ಚೇಂಜೂ ಅಷ್ಟೇ, ಮೊದಲ ಅಂಕಿ ನೋಡಿ ಕಳಿಸುತ್ತದೆ. ನೆಹರು ನಗರಕ್ಕೆ ಎರಡು, ದೇಸೂರಿಗೆ ಮೂರು, ಖಾನಾಪುರಕ್ಕೆ ನಾಲ್ಕು. ಮುಂದೆ ಹುಟ್ಟುವ ಮರಿಗಳಿಗೆಂದು ಎಲ್ಲ ಕಡೆ ಒಂದಷ್ಟು ಖಾಲಿ ನಂಬರು. ಇದನ್ನೇ ನಕ್ಷೆ ಬರೆದು ಪ್ರಾಜೆಕ್ಟಿಗೆ ಕೊಟ್ಟೆ.

“ಅಧ್ಯಕ್ಷರಿಗೂ ಸಿಪಾಯಿಗೂ ಒಂದ ಅಂಕಿ ಹಚ್ಚಿಯಲ್ಲವಾ!” ಎಂದರು ಸಾಹೇಬರು. ಹಿಂಡಿನ ವಿಷಯ ಬಾಯಿಬಿಟ್ಟು ಹೇಳಿದ್ದೇ ನನ್ನ ತಪ್ಪು. ಕುರಿ ಎಣಿಸೋರ ಮಗಳೆಂಬ ಆ ಮಾತು ಬಂದದ್ದು ಆಗಲೇ. ನಕ್ಷೆ ಮೇಜಿನಿಂದ ಕೆಳಗೆ ಬಿತ್ತು. ಅವರ ಸಹಿಯಿಲ್ಲದೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದೆ ಪದವಿಯಿಲ್ಲ.

ಎಕ್ಸ್‌ಚೇಂಜ್ ಕೂಡಿಸಲು ಬಂದ ಕಂಪನಿಯ ಎಂಜಿನಿಯರರು ಬೇಡವೆಂದರೂ ಸಾಹೇಬರ ಪಟ್ಟಿಯಂತೆಯೇ ಜೋಡಣೆಯಾಯಿತು. ಉದ್ಘಾಟನೆಯ ದಿನ ಅಧ್ಯಕ್ಷರು ನೆಹರು ನಗರದಲ್ಲಿ ಕೂತು ನೂರ ಹದಿನಾಲ್ಕು ತಿರುಗಿಸಿದರು. ಸದ್ದಿಲ್ಲ. ಮತ್ತೆ ತಿರುಗಿಸಿದರು.

“ಏನ್ರೀ, ಖಾನಾಪುರ ಸತ್ತೈತೇನು?”

“ಮೊದಲ ಅಂಕಿ ಒಂದು ಅಂದರ ಈ ಎಕ್ಸ್‌ಚೇಂಜ್ ಇಲ್ಲೇ ನೆಹರು ನಗರದಾಗ ಹುಡುಕತೈತ್ರೀ,” ಎಂದರು ಎಂಜಿನಿಯರರು. “ಜಾಗಕ್ಕೊಂದ ಅಂಕಿ ಬೇಕು.”

ನಾನು ನಕ್ಷೆ ತಂದು ಮೇಜಿನ ಮೇಲೆ ಹಾಸಿದೆ. ಮಧ್ಯಾಹ್ನದೊಳಗೆ ನಂಬರು ಬದಲಾದವು. ಖಾನಾಪುರದಿಂದ ಹೆಡ್‌ಮಾಸ್ತರರು “ಹಲೋ” ಎಂದರು.

“ಯಾರ್ ಮಾಡಿದ್ದಿದು?” ಅಧ್ಯಕ್ಷರು ಕೇಳಿದರು.

“ನಮ್ಮ ಡಿಪಾರ್ಟ್‌ಮೆಂಟ್ ಮಾಡೈತ್ರೀ,” ಎಂದರು ಸಾಹೇಬರು.

“ನಕ್ಷೆ ಮೂಲ್ಯಾಗ ಹೆಣ್ಣುಮಗಳ ಹೆಸರ ಐತಲ್ರೀ. ನಿಮ್ಮ ಸಹಿ ಎಲ್ಲೈತಿ?”

ಸಾಹೇಬರು ನಿಂತುಕೊಂಡೇ ಸಹಿ ಹಾಕಿದರು.

ನೆಹರು ನಗರದಲ್ಲಿ ಕೋಣೆಗಳ ಸಾಲಿನಂತೆ ನಂಬರು; ಅವನ್ನು ಯಾವ ತುದಿಯಿಂದ ಎಣಿಸಬೇಕೆಂಬುದು ನನ್ನ ಕೈಯಲ್ಲಿತ್ತು. ಕ್ಯಾಂಟೀನಿಗೆ ಇನ್ನೂರ ಹದಿನೆಂಟು ಬಂತು, ಸಾಹೇಬರಿಗೆ ಇನ್ನೂರ ಹತ್ತೊಂಬತ್ತು. ಬೇಕಂತಲೇ ಹಾಗೆ ಎಣಿಸಿದೆ.

“ಇನ್ನೂರ ಮೂರು ಖಾಲಿ ಐತಲ್ಲವಾ, ಅದನ್ನ ನನಗ ಹಚ್ಚು,” ಎಂದು ಮೆಲ್ಲಗೆ ಕೇಳಿದರು.

“ಆಗೂದಲ್ರೀ ಸರ್.”

ಅಷ್ಟು ಸವಿಯಾದ ಮಾತನ್ನು ನಾನು ಮತ್ತೆಂದೂ ಆಡಿಲ್ಲ. ನಿವೃತ್ತರಾಗುವವರೆಗೂ ಚಹಾ ಕೇಳುವವರ ಫೋನು ತಪ್ಪಿ ಅವರಿಗೇ ಹೋಗುತ್ತಿದ್ದವಂತೆ.

ಪ್ರಮಾಣಪತ್ರ ಕೊಡುವ ದಿನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನನ್ನ ಪಕ್ಕ ನಿಂತಿದ್ದ. ಕೊಡುವವರು ಸಾಹೇಬರೇ. ನನ್ನ ಹೆಸರು ಕೂಗಿ, ಮುಖ ನೋಡದೆ ಹಾಳೆ ಮುಂದೆ ಮಾಡಿದರು. ನನಗಿಂತ ಮೊದಲು ಅಪ್ಪ ಕೈ ಚಾಚಿದ.

“ಗುರುತ ನೋಡಿ ಕೊಡ್ರೀ ಸಾಹೇಬ್ರ. ಇದು ನಮ್ಮ ಮನೀದು.”